ಮುನ್ಸೂಚನೆ ತಪ್ಪಿತೆಂಬ ದೂರು ಬಂದಾಗ ದೋಷವನ್ನು ಎಲ್ಲಿ ಹುಡುಕಬೇಕು

ಸಿಂಧನೂರು ತಾಲ್ಲೂಕಿನ ನಮ್ಮ ರೈತರ ಗುಂಪಿನಲ್ಲಿ ಹವಾಮಾನದ ಮುನ್ಸೂಚನೆಗಳನ್ನು ನೋಡಿ, ಅವುಗಳ ಅರ್ಥವನ್ನು ಉಳಿದವರಿಗೆ ತಿಳಿಸುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. ಮುನ್ಸೂಚನೆ ನಿಜವಾದ ದಿನ ಯಾರೂ ಬಂದು ಹೇಳುವುದಿಲ್ಲ. ತಪ್ಪಿದ ದಿನ ಮಾತ್ರ ಮನೆಯ ಮುಂದೆ ನಾಲ್ಕು ಜನ ನಿಂತಿರುತ್ತಾರೆ. ಒಮ್ಮೆ ಆರಿದ್ರಾ ಮಳೆಯ ಹೊತ್ತಿನಲ್ಲಿ ನಮ್ಮ ದೊಡ್ಡಪ್ಪ ಹೊಲದಿಂದ ನೇರವಾಗಿ ಬಂದು, ಟವಲಿನ ತುದಿಯಲ್ಲಿ ಕಟ್ಟಿ ತಂದಿದ್ದ ಎರೆಮಣ್ಣನ್ನು ಕಟ್ಟೆಯ ಮೇಲೆ ಬಿಚ್ಚಿ ತೋರಿಸಿದರು. ಒಣ ಹೆಂಟೆಗಳ ನಡುವೆ, ಎರಡು ದಿನಗಳ ಹಿಂದೆ ಊರಿದ್ದ ಹತ್ತಿ ಬೀಜ ಬೀಜೋಪಚಾರದ ಬಣ್ಣವೂ ಮಾಸದೆ ಹಾಗೆಯೇ ಇತ್ತು. “ನಿನ್ ಫೋನಿನ್ಯಾಗ ಮಳಿ ಬಂದೈತಿ ತಮ್ಮಾ, ನನ್ ಹೊಲದಾಗ ಬಂದಿಲ್ಲ” ಎಂದಷ್ಟೇ ಹೇಳಿದರು.

ಆ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅದಕ್ಕೆ ಉತ್ತರ ಕೊಡಬೇಕಾದರೆ “ಗಣಕದ ಲೆಕ್ಕವೇ ಹಾಗೆ” ಎಂಬ ಮಾತು ಸಾಲದು ಎಂದು ನನಗೆ ಅನ್ನಿಸಿತು. ಪಂಪ್‌ಸೆಟ್ ನೀರು ಎತ್ತದಿದ್ದರೆ ಮೋಟಾರು ಸುಟ್ಟಿದೆ ಎಂದು ಯಾರೂ ಮೊದಲಿಗೇ ತೀರ್ಮಾನಿಸುವುದಿಲ್ಲ. ಕರೆಂಟ್ ಇದೆಯೇ, ಫ್ಯೂಸ್ ಹೋಗಿದೆಯೇ, ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿದೆಯೇ ಎಂದು ಒಂದೊಂದನ್ನೇ ನೋಡುತ್ತಾ ಹೋಗುತ್ತೇವೆ. ಮುನ್ಸೂಚನೆಯನ್ನೂ ಅದೇ ಕ್ರಮದಲ್ಲಿ ಪರೀಕ್ಷಿಸಬೇಕು. ನನ್ನ ಅನುಭವದಲ್ಲಿ ದೂರುಗಳ ದೊಡ್ಡ ಪಾಲು ಗಣಕ ಮಾದರಿಯವರೆಗೆ ಹೋಗುವ ಮೊದಲೇ, ದಿನಾಂಕದಲ್ಲೋ ಸ್ಥಳದಲ್ಲೋ ಅಳತೆಯಲ್ಲೋ ಬಗೆಹರಿಯುತ್ತದೆ. ಉಳಿದ ಪಾಲು ನಿಜವಾದ ದೋಷ. ಅದನ್ನು ಮುಚ್ಚಿಡಬಾರದು, ಏಕೆಂದರೆ ಬೀಜ ಮತ್ತು ಗೊಬ್ಬರದ ಹಣ ಹೋಗುವುದು ರೈತನದು.

ದೂರನ್ನು ಬರೆದುಕೊಳ್ಳುವುದು

ದೂರು ಬಂದ ತಕ್ಷಣ ಮಾಡಬೇಕಾದ ಮೊದಲ ಕೆಲಸವೆಂದರೆ ಅದನ್ನು ಪೂರ್ತಿಯಾಗಿ ಬರೆದುಕೊಳ್ಳುವುದು. ಮುನ್ಸೂಚನೆಯನ್ನು ಎಲ್ಲಿ ನೋಡಿದ್ದು, ಯಾವ ದಿನ ಎಷ್ಟು ಗಂಟೆಗೆ ನೋಡಿದ್ದು, ಅದು ಯಾವ ಅವಧಿಗೆ ಅನ್ವಯಿಸುತ್ತಿತ್ತು, ಮಳೆಯ ಪ್ರಮಾಣವನ್ನು ಹೇಳಿತ್ತೋ ಸಾಧ್ಯತೆಯನ್ನು ಹೇಳಿತ್ತೋ ಎಂಬುದನ್ನು ಒಂದು ಕಡೆಗೂ, ನಿಜವಾಗಿ ಏನಾಯಿತು, ಅದನ್ನು ಯಾರು ಎಲ್ಲಿ ಅಳೆದರು ಎಂಬುದನ್ನು ಇನ್ನೊಂದು ಕಡೆಗೂ ಬರೆಯಬೇಕು. ಫೋನಿನ ಆ್ಯಪ್‌ಗಳು ಸಾಮಾನ್ಯವಾಗಿ ಹಳೆಯ ಮುನ್ಸೂಚನೆಯನ್ನು ಅಳಿಸಿ ಹೊಸದನ್ನು ತೋರಿಸುತ್ತಾ ಹೋಗುವುದರಿಂದ, ಸೋಮವಾರ ನೋಡಿದ್ದನ್ನು ಗುರುವಾರ ಯಾರೂ ಸಾಬೀತುಪಡಿಸಲಾರರು. ಆದ್ದರಿಂದ ಬಿತ್ತನೆ, ಔಷಧಿ ಸಿಂಪರಣೆ, ಕೊಯ್ಲಿನಂಥ ನಿರ್ಧಾರಕ್ಕೆ ಮುನ್ಸೂಚನೆಯನ್ನು ಬಳಸುವವರು ಆ ಕ್ಷಣದ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ದೊಡ್ಡಪ್ಪನ ಬಳಿ ಚಿತ್ರವಿರಲಿಲ್ಲ, ನನ್ನ ವಹಿಯಲ್ಲಿ ಮಾತ್ರ “ಮಂಗಳವಾರ, ಮಳೆಯ ಸಾಧ್ಯತೆ ಶೇ 80, ಸುಮಾರು 5 ಮಿ.ಮೀ.” ಎಂದಿತ್ತು.

ದಿನದ ಲೆಕ್ಕ

ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಮಧ್ಯರಾತ್ರಿಗೆ ಆರಂಭವಾಗುವುದಿಲ್ಲ. ಬೆಳಿಗ್ಗೆ 8.30ಕ್ಕೆ ಮಾಪಕವನ್ನು ಓದಿ, ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಓದಿದ ದಿನದ ತಾರೀಖಿಗೆ ಹಾಕುತ್ತಾರೆ. ಅಂದರೆ ಮಂಗಳವಾರ ಸಂಜೆ ಆರು ಗಂಟೆಗೆ ಸುರಿದ ಮಳೆ ದಾಖಲೆಯಲ್ಲಿ ಬುಧವಾರದ ಮಳೆಯಾಗಿರುತ್ತದೆ. ಫೋನಿನ ಆ್ಯಪ್‌ಗಳಾದರೋ ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಾಕುತ್ತವೆ. ನಮ್ಮ ಭಾಗದಲ್ಲಿ ಮಳೆ ಹೆಚ್ಚಾಗಿ ಸಂಜೆ ಮತ್ತು ರಾತ್ರಿ ಬರುವುದರಿಂದ ಈ ಎರಡು ಲೆಕ್ಕಗಳನ್ನು ಬೆರೆಸಿದಾಗ ಸರಿಯಾದ ಮುನ್ಸೂಚನೆಯೂ ಒಂದು ದಿನ ತಪ್ಪಿದಂತೆ ಕಾಣುತ್ತದೆ. ವಹಿಯಲ್ಲಿ ತಾರೀಖಿನ ಬದಲು “ಮಂಗಳವಾರ ಬೆಳಿಗ್ಗೆ 8.30ರಿಂದ ಬುಧವಾರ ಬೆಳಿಗ್ಗೆ 8.30ರವರೆಗೆ” ಎಂದು ಬರೆಯುವುದು ಇದಕ್ಕೆ ಪರಿಹಾರ.

ಊರು ಮತ್ತು ಉಪವಿಭಾಗ

ರೇಡಿಯೊದಲ್ಲಿ “ಉತ್ತರ ಒಳನಾಡು” ಎಂದಾಗ ಬಳ್ಳಾರಿಯವರು ತಮ್ಮನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ರಾಯಚೂರು ಮತ್ತು ಕೊಪ್ಪಳ ಉತ್ತರ ಒಳನಾಡಿಗೆ ಸೇರಿದರೆ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳು ದಕ್ಷಿಣ ಒಳನಾಡಿಗೆ ಸೇರಿವೆ. ದಢೇಸುಗೂರಿನ ಬಳಿ ತುಂಗಭದ್ರೆಯ ಸೇತುವೆ ದಾಟಿ ಸಿರುಗುಪ್ಪ ತಾಲ್ಲೂಕಿಗೆ ಹೋದರೆ ಮಣ್ಣೂ ಅದೇ, ಭತ್ತವೂ ಅದೇ, ಆದರೆ ಕೇಳಬೇಕಾದ ಮುನ್ಸೂಚನೆಯ ಸಾಲು ಬೇರೆ. ಎಷ್ಟೋ ವರ್ಷಗಳಿಂದ ತಮ್ಮದಲ್ಲದ ಸಾಲನ್ನು ಕೇಳುತ್ತಿದ್ದ ಸಿರುಗುಪ್ಪ ಭಾಗದ ರೈತರನ್ನು ನಾನು ಕಂಡಿದ್ದೇನೆ.

ಆ್ಯಪ್‌ನಲ್ಲಿ ಊರಿನ ಹೆಸರನ್ನು ಹಾಕುವಾಗಲೂ ಎಚ್ಚರ ಬೇಕು. ಹೊಸಹಳ್ಳಿ, ರಾಂಪುರ ಎಂಬ ಹೆಸರಿನ ಊರುಗಳು ಕರ್ನಾಟಕದಲ್ಲಿ ಹಲವು ಇವೆ, ಮತ್ತು ಮಲೆನಾಡಿನ ಅಂಚಿನ ಹೊಸಹಳ್ಳಿಯ ಮಳೆಗೂ ಕೊಪ್ಪಳದ ಹೊಸಹಳ್ಳಿಯ ಮಳೆಗೂ ಹೋಲಿಕೆಯಿಲ್ಲ. ಹೆಸರಿನ ಬದಲು ನಕ್ಷೆಯ ಮೇಲೆ ಹೊಲದ ಮೇಲೆಯೇ ಬೆರಳಿಟ್ಟು ಗುರುತು ಹಾಕಿದರೆ ಈ ತೊಂದರೆ ಇರುವುದಿಲ್ಲ.

ಪ್ರಕಟಣೆಯ ಪದಗಳು

ಇಲಾಖೆಯ ಭಾಷೆಯಲ್ಲಿ ಪ್ರತಿ ಪದಕ್ಕೂ ಅಳತೆಯಿದೆ. “ಒಂದೆರಡು ಕಡೆ” ಎಂದರೆ ಆ ಉಪವಿಭಾಗದ ಮಳೆ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ, “ಕೆಲವೆಡೆ” ಎಂದರೆ ಅರ್ಧದವರೆಗೆ, “ಹಲವೆಡೆ” ಎಂದರೆ ಮುಕ್ಕಾಲು ಭಾಗದವರೆಗೆ, “ಬಹುತೇಕ ಕಡೆ” ಎಂದರೆ ಅದಕ್ಕೂ ಹೆಚ್ಚು. “ಒಂದೆರಡು ಕಡೆ ಮಳೆ” ಎಂದ ದಿನ ಉತ್ತರ ಒಳನಾಡಿನ ಬಹುಪಾಲು ಊರುಗಳು ಒಣಗಿಯೇ ಇರುತ್ತವೆ ಎಂಬುದು ಆ ಮುನ್ಸೂಚನೆಯೊಳಗೇ ಇದೆ. ಹಾಗೆಯೇ “ಭಾರೀ ಮಳೆ” ಎಂಬ ಪದ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ.ವರೆಗಿನ ಮಳೆಗೆ ಮೀಸಲು, 2.5 ಮಿ.ಮೀ.ಗಿಂತ ಕಡಿಮೆ ಬಿದ್ದರೆ ಅದು “ಮಳೆಯ ದಿನ” ಎಂಬ ಲೆಕ್ಕಕ್ಕೇ ಬರುವುದಿಲ್ಲ. ನಮ್ಮಲ್ಲಿ ಹೊಲದಲ್ಲಿ ಒಂದು ಗೇಣು ಹಸಿ ಇಳಿದರೆ ದೊಡ್ಡ ಮಳೆ ಎನ್ನುತ್ತೇವೆ. ಇಲಾಖೆಯ ಪಟ್ಟಿಯಲ್ಲಿ ಅದು ಬಹಳ ಸಲ ಸಾಧಾರಣ ಮಳೆಯ ಸಾಲಿನಲ್ಲಿರುತ್ತದೆ.

ಅಳತೆಯಲ್ಲೇ ದೋಷವಿದ್ದರೆ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಾನೂ ಮೊದಲು ಬಿಟ್ಟಿದ್ದೆ. ಒಂದು ಹುಬ್ಬಾ ಮಳೆಯ ರಾತ್ರಿ ಊರಿಡೀ ಗಟಾರ ತುಂಬಿ ಹರಿದರೂ, ಪರಿಚಯದವರೊಬ್ಬರ ತೋಟದಲ್ಲಿ ಹಾಕಿಸಿದ್ದ ಸ್ವಯಂಚಾಲಿತ ಮಳೆಮಾಪಕ ಸೊನ್ನೆಯನ್ನೇ ತೋರಿಸುತ್ತಿತ್ತು. ಬೆಳಿಗ್ಗೆ ಏಣಿ ಹಾಕಿ ಮೇಲಿನ ಆಲಿಕೆಯನ್ನು ಬಿಚ್ಚಿ ನೋಡಿದೆವು. ಬೇವಿನ ಎಲೆಗಳ ಮೇಲೆ ಬೇಸಿಗೆಯ ಕೆಂಪು ಧೂಳು ಕೂತು, ಅದು ಮಳೆಗೆ ನೆನೆದು ಗಾರೆಯಂತೆ ಗಟ್ಟಿಯಾಗಿ ತೂತನ್ನು ಮುಚ್ಚಿತ್ತು. ಆಲಿಕೆಯಲ್ಲಿ ನೀರು ತುಂಬಿ ನಿಂತಿತ್ತು, ಒಳಗಿನ ತಕ್ಕಡಿಯಂಥ ಪುಟ್ಟ ಬಟ್ಟಲುಗಳು ಮಾತ್ರ ಒಣಗಿದ್ದವು. ಅಂಥ ಮಾಪಕದಲ್ಲಿ ಒಂದು ಬಟ್ಟಲು ತುಂಬಿ ಮಗುಚಿದಾಗ ಒಂದು ಎಣಿಕೆ ದಾಖಲಾಗುತ್ತದೆ. ಜೇಡರಬಲೆ ಸಿಕ್ಕಿದರೂ ಎಣಿಕೆ ನಿಲ್ಲುತ್ತದೆ, ಮಳೆ ಬಹಳ ಬಿರುಸಾಗಿದ್ದರೆ ಬಟ್ಟಲು ಮಗುಚುವ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕ ತಪ್ಪುತ್ತದೆ. ಅಂದು ಅಲ್ಲಿನ ದಾಖಲೆಯನ್ನು ನಂಬಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಬರೆಯುತ್ತಿದ್ದೆ.

ಮನೆಯಲ್ಲಿ ಅಳೆಯುವವರು ಬಕೆಟ್ಟನ್ನು ಅಂಗಳದಲ್ಲಿ ಇಟ್ಟು ಸ್ಕೇಲಿನಿಂದ ಅಳೆಯುತ್ತಾರೆ. ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ಬಾಯಿಯ ವ್ಯಾಸ 30 ಸೆಂ.ಮೀ., ತಳದ ವ್ಯಾಸ 22 ಸೆಂ.ಮೀ. ಇದ್ದರೆ 20 ಮಿ.ಮೀ. ಮಳೆಗೆ ಬಕೆಟ್ಟಿನಲ್ಲಿ ಸುಮಾರು 35 ಮಿ.ಮೀ. ನೀರು ನಿಲ್ಲುತ್ತದೆ. ಬದಿಗಳು ನೇರವಾಗಿರುವ ಡಬ್ಬಿಯನ್ನು ಬಳಸಿದರೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಬಕೆಟ್ಟೇ ಬೇಕೆಂದರೆ ನೀರನ್ನು ಮಿಲಿಲೀಟರಿನಲ್ಲಿ ಅಳೆದು, ಬಾಯಿಯ ವಿಸ್ತೀರ್ಣದಿಂದ ಭಾಗಿಸಿ, ಹತ್ತರಿಂದ ಗುಣಿಸಬೇಕು. ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಮಿ.ಮೀ.ನಲ್ಲಿ ಬರುತ್ತದೆ. ಡಬ್ಬಿಯನ್ನು ಗೋಡೆ, ಮರ, ಚಪ್ಪರಗಳಿಂದ ದೂರ ಇಡಬೇಕು; ಅಡ್ಡವಿರುವ ವಸ್ತುವಿನ ಎತ್ತರದ ಎರಡು ಪಟ್ಟಾದರೂ ಅಂತರವಿರಲಿ. ಉಷ್ಣಾಂಶದ ದೂರುಗಳಿಗೂ ಇದೇ ಕ್ರಮ ಸಲ್ಲುತ್ತದೆ: ಹವಾಮಾನ ಕೇಂದ್ರದವರು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಗಾಳಿಯ ಉಷ್ಣಾಂಶವನ್ನು ಅಳೆಯುತ್ತಾರೆ, ಬಿಸಿಲಲ್ಲಿ ನಿಂತ ಕಾರಿನ ಮೀಟರು ತೋರಿಸುವುದು ಕಾರಿನ ಕಾವನ್ನು.

ಚೌಕದೊಳಗಿನ ಸರಾಸರಿ

ಇಷ್ಟು ಪರೀಕ್ಷೆಗಳ ನಂತರವೂ ದೂರು ಉಳಿದರೆ ಮಾದರಿಯ ಬಳಿಗೆ ಹೋಗಬೇಕು. ಗಣಕ ಮಾದರಿಯು ಭೂಮಿಯ ಮೇಲಿನ ವಾತಾವರಣವನ್ನು ಚೌಕಗಳಾಗಿ, ಒಂದರ ಮೇಲೊಂದು ಪದರಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಗಾಳಿ, ಒತ್ತಡ, ಉಷ್ಣಾಂಶ, ತೇವಾಂಶಗಳು ಮುಂದಿನ ಕೆಲವು ನಿಮಿಷಗಳಲ್ಲಿ ಹೇಗೆ ಬದಲಾಗುತ್ತವೆ ಎಂದು ಭೌತಶಾಸ್ತ್ರದ ಸಮೀಕರಣಗಳಿಂದ ಲೆಕ್ಕ ಹಾಕುತ್ತದೆ, ಮತ್ತೆ ಆ ಉತ್ತರದಿಂದ ಮುಂದಿನ ಹೆಜ್ಜೆಯನ್ನು ಲೆಕ್ಕ ಹಾಕುತ್ತದೆ. ನಮ್ಮ ದೇಶದ ಜಾಗತಿಕ ಮಾದರಿಯ ಚೌಕ ಬಹುಕಾಲ ಸುಮಾರು 12 ಕಿ.ಮೀ. ಅಗಲದ್ದಾಗಿತ್ತು, 2025ರ ಮೇ 26ರಂದು ಬಿಡುಗಡೆಯಾದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಅದು 6 ಕಿ.ಮೀ.ಗೆ ಇಳಿಯಿತು.

ದೊಡ್ಡಪ್ಪನ ಹೊಲದ ದೂರು ಬಗೆಹರಿದದ್ದು ಇಲ್ಲಿ. 12 ಕಿ.ಮೀ. ಅಗಲದ ಚೌಕವೆಂದರೆ ಸುಮಾರು 144 ಚದರ ಕಿ.ಮೀ. ಆರಿದ್ರಾದ ಗುಡುಗುಮಳೆಯ ಒಂದು ಮೋಡ ಅದರಲ್ಲಿ 24 ಚದರ ಕಿ.ಮೀ.ನಷ್ಟು, ಅಂದರೆ ಆರನೇ ಒಂದು ಭಾಗವನ್ನಷ್ಟೇ ತೋಯಿಸಿತು ಎಂದುಕೊಳ್ಳೋಣ. ಅಲ್ಲಿ 30 ಮಿ.ಮೀ. ಸುರಿದರೆ ಇಡೀ ಚೌಕದ ಸರಾಸರಿ 5 ಮಿ.ಮೀ. ಮಾದರಿಯು 5 ಮಿ.ಮೀ. ಎಂದರೆ ಒಟ್ಟು ನೀರಿನ ಲೆಕ್ಕ ಪೂರ್ತಿ ಸರಿ; ಆದರೆ 30 ಮಿ.ಮೀ. ಕಂಡವನಿಗೂ ಹನಿಯೂ ಕಾಣದವನಿಗೂ ಅದು ತಪ್ಪು. ಅಂದು ನಾನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿವಾರು ಮಳೆಯ ಪಟ್ಟಿಯನ್ನು ತೆರೆದು ನೋಡಿದಾಗ, ನಮ್ಮ ಸುತ್ತಲಿನ ಪಂಚಾಯಿತಿಗಳಲ್ಲಿ ಕೆಲವಕ್ಕೆ ಒಳ್ಳೆಯ ಮಳೆ ಬಿದ್ದಿತ್ತು, ನಮ್ಮದಕ್ಕೆ ಇರಲಿಲ್ಲ. ದೊಡ್ಡಪ್ಪನಿಗೆ ಆ ಪಟ್ಟಿಯನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಹಳ್ಳದ ಆಚೆಯ ಊರಿನ ಹೆಸರಿನ ಮೇಲೆ ಬೆರಳಿಟ್ಟು ಸುಮ್ಮನಾದರು. ಚೌಕ ಕಿರಿದಾದರೆ ಈ ದೋಷ ಕಡಿಮೆಯಾಗುತ್ತದೆ, ಆದರೆ ಅಳಿಯುವುದಿಲ್ಲ. ಒಂದು ಮೋಡದ ಆಕಾರವನ್ನು ಹಿಡಿಯಲು ಮಾದರಿಗೆ ಅಕ್ಕಪಕ್ಕದ ನಾಲ್ಕಾರು ಚೌಕಗಳಾದರೂ ಬೇಕು.

ಆದ್ದರಿಂದ ಮಳೆ ಯಾವ ಜಾತಿಯದು ಎಂಬುದನ್ನು ಮೊದಲು ಕೇಳಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿ ಪಶ್ಚಿಮಕ್ಕೆ ಸರಿದು ಬಂದಾಗ ಬೀಳುವ ಮಳೆ ನೂರಾರು ಕಿ.ಮೀ. ಹರಡಿಕೊಂಡಿರುತ್ತದೆ, ಅದನ್ನು ಇಂದಿನ ಮಾದರಿಗಳು ಮೂರು ನಾಲ್ಕು ದಿನ ಮೊದಲೇ ಚೆನ್ನಾಗಿ ಹಿಡಿಯುತ್ತವೆ, ಮತ್ತು ಅಂಥ ಮುನ್ಸೂಚನೆ ಬಂದಾಗ ಭತ್ತದ ಕೊಯ್ಲನ್ನು ನಿಲ್ಲಿಸಲು ನಾನು ಹಿಂಜರಿಯುವುದಿಲ್ಲ. ಬಿಸಿಲಿಗೆ ನೆಲ ಕಾದು ಸಂಜೆ ಏಳುವ ಗುಡುಗುಮೋಡ ಎಲ್ಲಿ ಸುರಿಯುತ್ತದೆ ಎಂಬುದನ್ನು ಹಿಂದಿನ ದಿನ ಹೇಳಲು ಯಾವ ಮಾದರಿಗೂ ಸಾಧ್ಯವಿಲ್ಲ. ಅದಕ್ಕೆ ಉಪಗ್ರಹದ ಚಿತ್ರ ಮತ್ತು ರೇಡಾರ್ ನೋಡಿ, ಎರಡು ಮೂರು ಗಂಟೆಗಳ ಮಟ್ಟಿಗೆ ಅಂದಾಜಿಸಬೇಕು. ಅಲ್ಲೂ ಒಂದು ತೊಡಕಿದೆ: ಹೈದರಾಬಾದಿನ ರೇಡಾರಿನ ಕಿರಣ ಭೂಮಿಯ ಬಾಗಿನಿಂದಾಗಿ ರಾಯಚೂರಿನ ಮೇಲೆ ಹಾಯುವಾಗ ಮೂರು ಕಿ.ಮೀ.ಗಿಂತ ಎತ್ತರದಲ್ಲಿರುತ್ತದೆ, ಅದರ ಕೆಳಗಿನ ಮಳೆ ಅದಕ್ಕೆ ಕಾಣುವುದಿಲ್ಲ.

ವಾರವಿಡೀ ಮಧ್ಯಾಹ್ನ ತೋರುವ ತುಂತುರು

ಜುಲೈನಲ್ಲಿ ಈ ದೂರು ಹೆಚ್ಚು: ಆ್ಯಪ್ ಪ್ರತಿದಿನ ಮಧ್ಯಾಹ್ನ ಒಂದು ಎರಡು ಮಿ.ಮೀ. ತೋರಿಸುತ್ತದೆ, ವಾರ ಕಳೆದರೂ ನೆಲ ತೋಯುವುದಿಲ್ಲ. ಪಶ್ಚಿಮ ಘಟ್ಟಗಳು ಮಳೆಯ ಬಹುಪಾಲನ್ನು ತಡೆದುಕೊಳ್ಳುವುದರಿಂದ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳು ಮಳೆಯ ನೆರಳಿನಲ್ಲಿವೆ; ಆ ತಿಂಗಳಿನಲ್ಲಿ ಗಾಳಿ ಬಿರುಸಾಗಿ ಬೀಸಿ ಮೋಡ ಓಡುತ್ತದೆಯೇ ಹೊರತು ಸುರಿಯುವುದಿಲ್ಲ. ಮಾದರಿಯ ಕಡೆಯ ದೋಷವೂ ಇಲ್ಲಿ ಸ್ಪಷ್ಟವಾಗಿದೆ. ಚೌಕಕ್ಕಿಂತ ಚಿಕ್ಕದಾದ ಮೋಡವನ್ನು ನೇರವಾಗಿ ಲೆಕ್ಕ ಹಾಕಲಾಗದ ಕಾರಣ, ತೇವಾಂಶ ಮತ್ತು ಕಾವು ಇಷ್ಟಿದ್ದರೆ ಇಷ್ಟು ಮಳೆ ಎಂಬ ಅಂದಾಜಿನ ಸೂತ್ರವನ್ನು ಮಾದರಿಯಲ್ಲಿ ಇಟ್ಟಿರುತ್ತಾರೆ. ಇಂಥ ಸೂತ್ರಗಳು ಮಳೆಯನ್ನು ಸಂಜೆಯ ಬದಲು ಮಧ್ಯಾಹ್ನಕ್ಕೇ ಆರಂಭಿಸುತ್ತವೆ ಮತ್ತು ಸಣ್ಣ ಮಳೆಯನ್ನು ಅತಿ ಹೆಚ್ಚು ದಿನ ತೋರಿಸುತ್ತವೆ ಎಂಬುದು ಮಾದರಿ ಕಟ್ಟುವವರೇ ಬಹುಕಾಲದಿಂದ ಒಪ್ಪಿಕೊಂಡಿರುವ ಕೊರತೆ. 2.5 ಮಿ.ಮೀ.ಗಿಂತ ಕಡಿಮೆಯ ಅಂಕಿಯನ್ನು ಬಿತ್ತನೆಯ ಲೆಕ್ಕಕ್ಕೆ ಸೇರಿಸಬೇಡಿ. ಗಂಟೆಯ ವಿವರವನ್ನು ನಂಬಬೇಡಿ.

ಆರಂಭದ ಸ್ಥಿತಿ ಮತ್ತು ಬದಲಾಗುವ ಅಂಕಿಗಳು

ಗಣಕಗಳು ಹುಟ್ಟುವ ಮೊದಲೇ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ವಿಜ್ಞಾನಿ 1910ರ ಮೇ 20ರ ಯುರೋಪಿನ ಹವಾಮಾನವನ್ನು ಕೈಯಿಂದಲೇ ಲೆಕ್ಕ ಹಾಕಿ, 1922ರಲ್ಲಿ ಪ್ರಕಟಿಸಿದರು. ಆರು ಗಂಟೆಗಳಲ್ಲಿ ಒತ್ತಡ 145 ಮಿಲಿಬಾರ್ ಏರುತ್ತದೆ ಎಂಬ ಉತ್ತರ ಬಂದಿತ್ತು. ನಿಜವಾಗಿ ಅಂದು ಒತ್ತಡ ಹೆಚ್ಚೂಕಡಿಮೆ ಅಲುಗಾಡಿರಲಿಲ್ಲ. ರಿಚರ್ಡ್‌ಸನ್ ಆ ಸೋಲನ್ನು ಮುಚ್ಚಿಡದೆ ಪೂರ್ತಿ ಬರೆದಿಟ್ಟದ್ದರಿಂದಲೇ ಎಷ್ಟೋ ದಶಕಗಳ ನಂತರ ಐರ್ಲೆಂಡಿನ ಪೀಟರ್ ಲಿಂಚ್ ಅದನ್ನು ಮತ್ತೆ ಪರೀಕ್ಷಿಸಲು ಸಾಧ್ಯವಾಯಿತು. ಸಮೀಕರಣಗಳಲ್ಲಿ ದೋಷವಿರಲಿಲ್ಲ. ಆರಂಭಕ್ಕೆ ಕೊಟ್ಟ ಗಾಳಿಯ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ. ಆ ಅಸಮತೋಲವನ್ನು ಸೋಸಿ ತೆಗೆದು ಅದೇ ವಿಧಾನದಿಂದ ಲೆಕ್ಕ ಹಾಕಿದಾಗ ನಂಬಬಹುದಾದ ಉತ್ತರ ಬಂತು. ದೋಷ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಈಗಿನ ಮಾದರಿಗಳು ಆರಂಭದ ಅಂಕಿಗಳನ್ನು ಉಪಗ್ರಹ, ವಿಮಾನ, ಹಡಗು, ಬಲೂನುಗಳಿಂದ ಪಡೆದು ಹೊಂದಿಸಿಕೊಳ್ಳುತ್ತವೆ. ಆದರೂ ಖಾಲಿ ಜಾಗಗಳಿವೆ. ನಮ್ಮ ಸುತ್ತಲಿನ ಮೇಲ್ಪದರದ ಗಾಳಿಯನ್ನು ಅಳೆಯುವ ಬಲೂನುಗಳು ಹೈದರಾಬಾದು, ಬೆಂಗಳೂರು, ಗೋವಾಗಳಿಂದ ಹಾರುತ್ತವೆ. ಈ ಸಣ್ಣ ಕೊರತೆ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಡರು. ಒಂದು ಲೆಕ್ಕವನ್ನು ಮತ್ತೆ ನಡೆಸುವಾಗ 0.506127 ಎಂಬ ಅಂಕಿಯ ಬದಲು 0.506 ಎಂದು ಕೊಟ್ಟಿದ್ದರು. ಲೆಕ್ಕ ಮುಂದುವರಿದಂತೆ ವ್ಯತ್ಯಾಸ ಬೆಳೆದು, ಎರಡು ಲೆಕ್ಕಗಳಿಗೆ ಸಂಬಂಧವೇ ಉಳಿಯಲಿಲ್ಲ. ದಿನದಿನದ ಹವಾಮಾನವನ್ನು ಸುಮಾರು ಎರಡು ವಾರಕ್ಕಿಂತ ಮುಂದೆ ಹೇಳಲಾಗದು ಎಂಬ ಮಿತಿ ಇಲ್ಲಿಂದಲೇ ಬಂದಿದೆ. ಗಣಕ ಎಷ್ಟು ದೊಡ್ಡದಾದರೂ ಈ ಮಿತಿ ವಾತಾವರಣದ್ದೇ. ಆದ್ದರಿಂದ ಆ್ಯಪ್‌ನಲ್ಲಿ ಇಪ್ಪತ್ತನೇ ದಿನದ ಮಳೆಯ ಚಿತ್ರವನ್ನು ನೋಡಿ ಮದುವೆಯ ಮುಹೂರ್ತ ಇಡುವುದಕ್ಕೆ ಆಧಾರವಿಲ್ಲ.

ಬೆಳಿಗ್ಗೆ 12 ಮಿ.ಮೀ. ಇದ್ದದ್ದು ಮಧ್ಯಾಹ್ನ 3 ಆಯಿತು, ರಾತ್ರಿ ಮತ್ತೆ 15 ಆಯಿತು ಎಂಬ ದೂರಿಗೂ ಉತ್ತರ ಇದೇ. ದೊಡ್ಡ ಜಾಗತಿಕ ಮಾದರಿಗಳನ್ನು ದಿನಕ್ಕೆ ಎರಡರಿಂದ ನಾಲ್ಕು ಬಾರಿ ಹೊಸ ಅಂಕಿಗಳಿಂದ ಆರಂಭಿಸುತ್ತಾರೆ. ಅಂಕಿ ಪ್ರತಿ ಬಾರಿ ಜಿಗಿದಾಡುತ್ತಿದ್ದರೆ ಮಾದರಿಗೆ ಖಚಿತವಿಲ್ಲ ಎಂದರ್ಥ. ಅದೇ ಒಂದು ಮಾಹಿತಿ. ಇದನ್ನೇ ವ್ಯವಸ್ಥಿತವಾಗಿ ಮಾಡುವುದಕ್ಕಾಗಿ ಆರಂಭದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಲೆಕ್ಕಗಳನ್ನು ಒಟ್ಟಿಗೆ ನಡೆಸುವ ಪದ್ಧತಿ 1992ರಲ್ಲಿ ಯುರೋಪು ಮತ್ತು ಅಮೆರಿಕದ ಕೇಂದ್ರಗಳಲ್ಲಿ ಆರಂಭವಾಯಿತು. ಯುರೋಪಿನ ಕೇಂದ್ರ 51 ಲೆಕ್ಕಗಳನ್ನು ನಡೆಸುತ್ತದೆ. ಭಾರತದಲ್ಲಿ 2018ರಿಂದ 12 ಕಿ.ಮೀ. ಚೌಕದ 21 ಲೆಕ್ಕಗಳ ಗುಂಪು ಬಳಕೆಗೆ ಬಂತು. “ಶೇ 80” ಎಂಬ ಅಂಕಿಯ ಹಿಂದೆ ಇಂಥ ಎಣಿಕೆ ಇರುತ್ತದೆ, ಮತ್ತು ಹಾಗೆ ಹೇಳಿದ ಹತ್ತು ದಿನಗಳಲ್ಲಿ ಎರಡು ದಿನ ಮಳೆ ಬಾರದಿದ್ದರೆ ಮಾತ್ರ ಆ ಅಂಕಿ ಪ್ರಾಮಾಣಿಕವಾದದ್ದು.

ಶೇಕಡ ತೊಂಬತ್ತು ಸರಿ ಎಂಬ ಹೇಳಿಕೆ

ಯಾವುದಾದರೂ ಸೇವೆ “ನಮ್ಮ ಮುನ್ಸೂಚನೆ ಶೇ 90 ಸರಿ” ಎಂದು ಹೇಳಿಕೊಂಡರೆ, ಯಾವುದಕ್ಕೆ ಹೋಲಿಸಿ ಎಂದು ಕೇಳಬೇಕು. 1884ರಲ್ಲಿ ಅಮೆರಿಕದ ಫಿನ್ಲಿ ಎಂಬವರು ಸುಂಟರಗಾಳಿಯ ಬಗ್ಗೆ ನೀಡಿದ 2803 ಮುನ್ಸೂಚನೆಗಳಲ್ಲಿ ಶೇ 96.6 ಸರಿಯಾಗಿದ್ದವು. ಆದರೆ “ಸುಂಟರಗಾಳಿ ಇಲ್ಲ” ಎಂದು ಪ್ರತಿದಿನ ಹೇಳಿದ್ದರೂ ಶೇ 98.2 ಸರಿಯಾಗುತ್ತಿತ್ತು ಎಂಬುದು ಕೂಡಲೇ ಬೆಳಕಿಗೆ ಬಂತು. ಬಂದ 51 ಸುಂಟರಗಾಳಿಗಳಲ್ಲಿ ಅವರು ಮೊದಲೇ ಹೇಳಿದ್ದು 28ನ್ನು ಮಾತ್ರ. ವರ್ಷದ ಬಹುಪಾಲು ದಿನಗಳು ಒಣಗಿರುವ ರಾಯಚೂರಿನಲ್ಲಿಯೂ “ಮಳೆ ಇಲ್ಲ” ಎಂದು ಕಣ್ಣು ಮುಚ್ಚಿ ಹೇಳುವವರಿಗೆ ಒಳ್ಳೆಯ ಅಂಕ ಸಿಗುತ್ತದೆ. ಅದಕ್ಕೆ ನಾನು ವಹಿಯಲ್ಲಿ ಮೂರು ಎಣಿಕೆಗಳನ್ನಷ್ಟೇ ಇಡುತ್ತೇನೆ: ಹೇಳಿ ಬಂದದ್ದು, ಹೇಳಿ ಬಾರದ್ದು, ಹೇಳದೆ ಬಂದದ್ದು. ಹಿರಿಯರ ನಕ್ಷತ್ರದ ಲೆಕ್ಕವನ್ನೂ ಪಕ್ಕದಲ್ಲಿ ಬರೆಯುತ್ತೇನೆ, ಏಕೆಂದರೆ ಹಲವು ತಲೆಮಾರುಗಳ ಸರಾಸರಿ ಅನುಭವ ಅದರಲ್ಲಿದೆ; ಮಾದರಿಯು ಆ ಸರಾಸರಿಗಿಂತ ಎಷ್ಟು ಹೆಚ್ಚು ಹೇಳುತ್ತದೆ ಎಂಬುದೇ ಅದರ ನಿಜವಾದ ಬೆಲೆ. ಕೆಲವು ವರ್ಷಗಳಿಂದ ಬಂದಿರುವ, ಹಳೆಯ ದಾಖಲೆಗಳಿಂದ ಕಲಿತು ಹೇಳುವ ಕೃತಕ ಬುದ್ಧಿಮತ್ತೆಯ ಮಾದರಿಗಳಿಗೂ ಇದೇ ಪರೀಕ್ಷೆ ಸಾಕು.

ಹಂಗಾಮಿನ ಮುನ್ಸೂಚನೆ

ಏಪ್ರಿಲ್‌ನಲ್ಲಿ ಬರುವ ಮುಂಗಾರಿನ ಮುನ್ಸೂಚನೆ ಇಡೀ ದೇಶದ ನಾಲ್ಕು ತಿಂಗಳ ಮೊತ್ತವನ್ನು ಕುರಿತದ್ದು. ಅದರಲ್ಲಿ ನಮ್ಮ ಹೋಬಳಿಯ ಮಾತಿಲ್ಲ. 2002ರಲ್ಲಿ ಸರಾಸರಿಯ ಶೇ 101 ಎಂದಿದ್ದರು, ಬಂದದ್ದು ಶೇ 81. ಆ ಸೋಲಿನ ನಂತರ 16 ಅಂಶಗಳ ಹಳೆಯ ಸಂಖ್ಯಾಶಾಸ್ತ್ರೀಯ ಸೂತ್ರವನ್ನು ಕೈಬಿಟ್ಟರು. 2009ರ ಏಪ್ರಿಲ್‌ನಲ್ಲಿ ಶೇ 96 ಎಂದಿದ್ದರು, ಬಂದದ್ದು ಶೇ 78. ಅದೇ 2009ರಲ್ಲಿ, ದೇಶವೆಲ್ಲ ಬರದ ಮಾತಾಡುತ್ತಿದ್ದಾಗ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಂದ ಮಹಾಮಳೆಗೆ ರಾಯಚೂರು, ಕೊಪ್ಪಳ, ಬಳ್ಳಾರಿಯ ನದಿತೀರದ ಊರುಗಳು ಮುಳುಗಿದವು; ಮಂತ್ರಾಲಯದೊಳಗೂ ತುಂಗಭದ್ರೆ ನುಗ್ಗಿತು. ದೇಶದ ಮೊತ್ತ ಸರಿಯಾಗಿ ಹೇಳಿದ್ದರೂ ಆ ಊರುಗಳಿಗೆ ಅದರಿಂದ ಯಾವ ಎಚ್ಚರಿಕೆಯೂ ಸಿಗುತ್ತಿರಲಿಲ್ಲ.

2050ರ ಬಗ್ಗೆ ಕೇಳುವ ಪ್ರಶ್ನೆ

ನಾಳೆಯ ಮಳೆಯನ್ನೇ ಹೇಳಲಾಗದ ಗಣಕ 2050ರ ವಾಯುಗುಣವನ್ನು ಹೇಗೆ ಹೇಳೀತು ಎಂದು ಯುವಕರು ಕೇಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಗಂಗಾವತಿಯ ಬಳಿ ಬಿಟ್ಟ ಒಂದು ಹುಲ್ಲುಕಡ್ಡಿ ನಾಳೆ ಎಲ್ಲಿರುತ್ತದೆ ಎಂದು ಯಾವ ಎಂಜಿನಿಯರೂ ಹೇಳಲಾರರು. ಆದರೆ ಅಣೆಕಟ್ಟಿನ ಬಳಿ ಕಾಲುವೆಗೆ ಬಿಡುವ ನೀರನ್ನು ಹೆಚ್ಚಿಸಿದರೆ ಕೆಳಭಾಗದಲ್ಲಿ ಮಟ್ಟ ಏರುತ್ತದೆ ಎಂದು ಹೇಳಬಲ್ಲರು. ಹವಾಮಾನದ ಮಾದರಿ ಕಡ್ಡಿಯನ್ನು ಹಿಂಬಾಲಿಸುತ್ತದೆ, ವಾಯುಗುಣದ ಮಾದರಿ ಮಟ್ಟವನ್ನು ಲೆಕ್ಕ ಹಾಕುತ್ತದೆ. 1970ರಿಂದ 2007ರವರೆಗೆ ಪ್ರಕಟವಾದ ಜಾಗತಿಕ ಉಷ್ಣಾಂಶದ 17 ಮುನ್ನೋಟಗಳನ್ನು ಆನಂತರದ ನಿಜವಾದ ದಾಖಲೆಗೆ ಹೋಲಿಸಿದಾಗ 10 ಹೊಂದಿದವು. ಇಂಗಾಲದ ಡೈಆಕ್ಸೈಡ್ ಮುಂತಾದವುಗಳ ಊಹೆಯಲ್ಲಾದ ವ್ಯತ್ಯಾಸವನ್ನು ಸರಿಪಡಿಸಿದರೆ 14 ಹೊಂದಿದವು. ಉಷ್ಣಾಂಶದ ಬಗ್ಗೆ ಈ ಮಾದರಿಗಳನ್ನು ನಂಬಲು ಇದು ಗಟ್ಟಿ ಆಧಾರ.

ಮಳೆಯ ಬಗ್ಗೆ ಅಷ್ಟು ಗಟ್ಟಿ ಆಧಾರವಿಲ್ಲ. ಮೋಡಗಳ ವರ್ತನೆ ಇನ್ನೂ ದೊಡ್ಡ ಅನಿಶ್ಚಿತತೆಯಾಗಿ ಉಳಿದಿದೆ, ಮತ್ತು ಹಲವು ವಾಯುಗುಣ ಮಾದರಿಗಳು ಭಾರತದ ಮುಂಗಾರನ್ನು ನಿಜಕ್ಕಿಂತ ಒಣದಾಗಿ ತೋರಿಸುತ್ತವೆ. ಆದ್ದರಿಂದ ಯಾವುದೇ ವರದಿಯಲ್ಲಿ “2050ಕ್ಕೆ ಈ ತಾಲ್ಲೂಕಿನ ಮಳೆ ಇಷ್ಟು” ಎಂಬ ಒಂದೇ ಅಂಕಿ ಕಂಡರೆ, ಎಷ್ಟು ಮಾದರಿಗಳನ್ನು ನೋಡಿದ್ದೀರಿ, ಅವುಗಳ ನಡುವಿನ ಅಂತರ ಎಷ್ಟು ಎಂದು ಕೇಳದೆ ಅದನ್ನು ಕೆರೆಯ ಅಥವಾ ಕಾಲುವೆಯ ಯೋಜನೆಗೆ ಬಳಸಬಾರದು.

ತಾಡಪತ್ರಿಯ ಲೆಕ್ಕ

ದೋಷವಿರುವ ಮುನ್ಸೂಚನೆಯನ್ನೂ ಸರಿಯಾಗಿ ಬಳಸಬಹುದು. ಕಣದಲ್ಲಿ ಮೆಣಸಿನಕಾಯಿ ಒಣಗುತ್ತಿದೆ ಎಂದುಕೊಳ್ಳಿ. ಸಂಜೆ ಅದನ್ನು ಗುಡ್ಡೆ ಹಾಕಿ ತಾಡಪತ್ರಿ ಹೊದಿಸಲು ಬಾಡಿಗೆ, ಕೂಲಿ ಸೇರಿ 2,000 ರೂಪಾಯಿ ಬೇಕು. ಹೊದಿಸದೆ ಮಳೆಗೆ ನೆನೆದು ಕಾಯಿ ಬಿಳಿಚಿಕೊಂಡರೆ 20,000 ರೂಪಾಯಿ ನಷ್ಟ. 2,000ವನ್ನು 20,000ದಿಂದ ಭಾಗಿಸಿದರೆ ಹತ್ತನೇ ಒಂದು ಭಾಗ. ಅಂದರೆ ಮಳೆಯ ಸಾಧ್ಯತೆ ಶೇ 10 ದಾಟಿದ ಪ್ರತಿ ರಾತ್ರಿ ಹೊದಿಸುವುದೇ ಸರಿ. ಒಣಭೂಮಿಯಲ್ಲಿ ಹತ್ತಿ ಊರುವ ಲೆಕ್ಕ ಇದಕ್ಕೆ ತಿರುವುಮುರುವು: ಮೂರು ದಿನ ಕಾಯ್ದರೆ ಹೋಗುವುದು ಕಡಿಮೆ, ಮಳೆ ಬಾರದೆ ಬೀಜ ಕೆಟ್ಟರೆ ಹೋಗುವುದು ಹೆಚ್ಚು. ಅಲ್ಲಿ ಶೇ 80 ಕೂಡ ನನಗೆ ಈಗ ಸಾಲದು. ಗುಡುಗುಮಳೆಯ ಕಾಲವಾಗಿದ್ದರೆ ಮೊದಲ ಮಳೆ ಬಿದ್ದು ಹಸಿ ಕಂಡ ಮೇಲೆಯೇ ಊರಿರಿ ಎನ್ನುತ್ತೇನೆ. ದೊಡ್ಡಪ್ಪನಿಗೆ ಅಂದು ಹೇಳಬೇಕಾಗಿದ್ದ ಮಾತು ಇದು, ಹೇಳದೆ ಹೋದದ್ದು ನನ್ನ ತಪ್ಪು.

ಕಳೆದ ಫೆಬ್ರವರಿಯಲ್ಲಿ ನಮ್ಮ ಗುಂಪಿನ ಒಬ್ಬ ಅಕ್ಕ ಸಾಲಾಗಿ ಐದು ರಾತ್ರಿ ಕಣಕ್ಕೆ ತಾಡಪತ್ರಿ ಹೊದಿಸಿದರು. ಐದೂ ರಾತ್ರಿ ಸಾಧ್ಯತೆ ಶೇ 15ರಿಂದ 20ರೊಳಗಿತ್ತು, ಐದೂ ರಾತ್ರಿ ಹನಿ ಬೀಳಲಿಲ್ಲ. ಆರನೇ ದಿನ ಬೆಳಿಗ್ಗೆ ಅವರು ಬಂದು ದೂರನ್ನು ಬರೆಸಬೇಕೆಂದಾಗ, ಆ ಐದು ಸಾಲುಗಳನ್ನು ನಾನು ದೋಷದ ಪುಟದಲ್ಲಿ ಬರೆಯದೆ, ಶೇ 15ರಿಂದ 20ರ ಸಾಧ್ಯತೆಗಳ ಎಣಿಕೆಯ ಪುಟದಲ್ಲಿ ಬರೆದುಕೊಂಡೆ. ಆ ಪುಟದಲ್ಲಿ ಆರೇಳು ಸಾಲಿಗೆ ಒಂದರಂತೆಯೂ ಮಳೆ ಬಾರದಿದ್ದರೆ ಮಾತ್ರ ಅದು ಮಾದರಿಯ ಮೇಲಿನ ದೂರಾಗುತ್ತದೆ, ಮತ್ತು ಹಾಗೆಂದು ಹೇಳುವುದಕ್ಕೆ ಐದು ರಾತ್ರಿ ಸಾಲದು, ಎರಡು ಮೂರು ಹಂಗಾಮಿನ ಸಾಲುಗಳಾದರೂ ಬೇಕು ಎಂದು ವಹಿಯನ್ನು ಅವರ ಮುಂದೆಯೇ ತೆರೆದಿಟ್ಟು ವಿವರಿಸಿದೆ.